ಪೆಟ್ಟಿಗೆಯ ಕಥೆ, ತಂತಿಯ ಚರಿತ್ರೆ: ಹೃದಯದ ಮರುಮೇಳ ಚಿಕಿತ್ಸೆಯಲ್ಲಿ ಲೀಡ್‌ನ ಸ್ಥಾನ

ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರನ್ನು ಕುರಿತು ‘ಅವರಿಗೆ ಬ್ಯಾಟರಿ ಹಾಕಿದ್ದಾರೆ’ ಎಂದು ಹೇಳುವುದು ನಮ್ಮ ಜನರ ರೂಢಿ. ಎದೆಯ ಮೇಲ್ಭಾಗದಲ್ಲಿ, ಚರ್ಮದಡಿ ಕೈಗೆ ತಗಲುವ ಚಪ್ಪಟೆ ಪೆಟ್ಟಿಗೆಯಷ್ಟೇ ಈ ಮಾತಿನಲ್ಲಿ ಉಳಿದುಕೊಂಡಿದೆ. ಆ ಪೆಟ್ಟಿಗೆಯಿಂದ ಹೊರಟು, ಅಭಿಧಮನಿಯೊಳಗೆ ಸಾಗಿ, ಹೃದಯದ ಗೋಡೆಯನ್ನು ಮುಟ್ಟುವ ತಂತಿಗೆ ಜನರ ಮಾತಿನಲ್ಲಿ ಹೆಸರಿಲ್ಲ. ವೈದ್ಯರು ಅದನ್ನು ‘ಲೀಡ್’ ಎನ್ನುತ್ತಾರೆ. ಇಸಿಜಿ ತೆಗೆಯುವಾಗ ಇದೇ ಶಬ್ದ ಬೇರೆ ಅರ್ಥದಲ್ಲಿ ಬಳಕೆಯಾಗುವುದರಿಂದ ಹೆಸರಿದ್ದೂ ಅದು ಗೊಂದಲದ ಹೆಸರು.

ಪ್ರಸ್ತುತ ಲೇಖನದ ವಸ್ತು ಈ ತಂತಿಯ ಚರಿತ್ರೆ. ಹೃದಯ ವೈಫಲ್ಯಕ್ಕೆ ಕಳೆದ ಮೂರು ದಶಕಗಳಲ್ಲಿ ಬಳಕೆಗೆ ಬಂದಿರುವ ‘ಕಾರ್ಡಿಯಾಕ್ ರೀಸಿಂಕ್ರೊನೈಸೇಶನ್ ಥೆರಪಿ’ ಎಂಬ ಚಿಕಿತ್ಸೆಯನ್ನು ಕನ್ನಡದಲ್ಲಿ ‘ಹೃದಯದ ಮರುಮೇಳ ಚಿಕಿತ್ಸೆ’ ಎನ್ನಬಹುದು. ವೈದ್ಯರ ಬಾಯಲ್ಲಿ ಅದು ‘ಸಿಆರ್‌ಟಿ’. ಈ ಚಿಕಿತ್ಸೆಯಲ್ಲಿ ರೋಗಿಯ ಫಲಾಫಲವು ತಂತಿಯ ತುದಿ ಎಲ್ಲಿ ನಿಂತಿದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಹೀಗಿದ್ದೂ ಈ ವಿದ್ಯೆಯ ಚರಿತ್ರೆಯನ್ನು ಹೇಳುವವರು ಮತ್ತೆ ಮತ್ತೆ ಪೆಟ್ಟಿಗೆಯ ಕಥೆಯನ್ನೇ ಹೇಳುತ್ತಾರೆ.

ಜಾನಪದ ಅಧ್ಯಯನದ ಹಿನ್ನೆಲೆಯವರು ವೈದ್ಯಕೀಯ ಉಪಕರಣದ ಚರಿತ್ರೆಗೆ ಕೈಹಾಕುವುದೇಕೆ ಎಂಬ ಪ್ರಶ್ನೆ ಸಹಜ. ಕುಂಬಾರರಿಗೆ, ನೇಕಾರರಿಗೆ, ಬೆಸ್ತರಿಗೆ ಇರುವಂತೆ ವೈದ್ಯರಿಗೂ ಇಂಜಿನಿಯರುಗಳಿಗೂ ತಮ್ಮದೇ ಆದ ವೃತ್ತಿ ಜಾನಪದವಿದೆ. ತಮ್ಮ ವಿದ್ಯೆ ಹೇಗೆ ಹುಟ್ಟಿತು ಎಂಬುದನ್ನು ಅವರು ಪಾಠದ ನಡುವೆ, ಸಮ್ಮೇಳನದ ಭೋಜನದಲ್ಲಿ, ಅಭಿನಂದನ ಭಾಷಣಗಳಲ್ಲಿ ಕಥೆಯಾಗಿ ಹೇಳಿಕೊಳ್ಳುತ್ತಾರೆ. ಆ ಕಥೆಗಳು ಲಿಖಿತ ಚರಿತ್ರೆಯೊಳಗೂ ನುಸುಳುತ್ತವೆ. ಕಥೆ ಯಾವುದನ್ನು ಉಳಿಸಿಕೊಂಡಿದೆ, ಯಾವುದನ್ನು ಬಿಟ್ಟಿದೆ ಎಂದು ಕೇಳುವುದು ಜಾನಪದ ಶಾಸ್ತ್ರದ ಹಳೆಯ ಕೆಲಸವೇ ಆಗಿದೆ.

ಪೆಟ್ಟಿಗೆಯ ಕಥೆಗಳು

ಈ ಪರಂಪರೆಯ ಮೊದಲ ಪ್ರಸಿದ್ಧ ಕಥೆ ಅಮೆರಿಕದ ಮಿನಿಯಾಪೊಲಿಸ್ ನಗರದ್ದು. ಮಿನೆಸೋಟಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ 1950ರ ದಶಕದಲ್ಲಿ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ರಂಧ್ರವನ್ನು ಹೊಲಿಯುವಾಗ ಕೆಲವೊಮ್ಮೆ ಹೃದಯದೊಳಗಿನ ವಿದ್ಯುತ್ ವಹನದ ಎಳೆಗೆ ಪೆಟ್ಟು ಬೀಳುತ್ತಿತ್ತು. ಬಡಿತ ತೀರ ನಿಧಾನವಾಗಿ ಮಗು ಸಾಯುತ್ತಿತ್ತು. 1957ರ ಜನವರಿ 30ರಂದು ಲಿಲ್ಲೆಹೈ ಪುಟ್ಟ ಹುಡುಗಿಯೊಬ್ಬಳ ಹೃದಯದ ಗೋಡೆಗೆ ತಂತಿಯೊಂದನ್ನು ನೆಟ್ಟು, ಅದರ ಇನ್ನೊಂದು ತುದಿಯನ್ನು ಎದೆಯ ಹೊರಗೆ ತಂದು ವಿದ್ಯುತ್ ಪ್ರಚೋದಕ ಯಂತ್ರಕ್ಕೆ ಜೋಡಿಸಿದರು. ಯಂತ್ರವು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆಯುತ್ತಿತ್ತು. ಅದೇ ವರ್ಷ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ ಕಡಿತವಾಯಿತು. ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡಿಕೊಡುತ್ತಿದ್ದ ಅರ್ಲ್ ಬಾಕನ್ ಅವರನ್ನು ಕರೆದು, ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಮಾಡಿಕೊಡುವಂತೆ ಕೇಳಲಾಯಿತು. ಬಾಕನ್ 1949ರಲ್ಲಿ ಗ್ಯಾರೇಜೊಂದರಲ್ಲಿ ಮೆಡ್‌ಟ್ರಾನಿಕ್ ಎಂಬ ಸಣ್ಣ ಕಂಪನಿಯನ್ನು ಪಾಲುದಾರರಾಗಿ ಆರಂಭಿಸಿದ್ದವರು. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಗಿದ್ದ ಮೆಟ್ರೊನೋಮ್ ಮಂಡಲದ ನಕ್ಷೆಯನ್ನು ಮಾರ್ಪಡಿಸಿ ಸುಮಾರು ನಾಲ್ಕು ವಾರಗಳಲ್ಲಿ ಅವರು ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆಯನ್ನು ಸಿದ್ಧಪಡಿಸಿದರು. ಮೆಟ್ರೊನೋಮ್ ಎಂದರೆ ಸಂಗೀತ ಕಲಿಯುವವರು ಲಯ ತಪ್ಪದಿರಲೆಂದು ಬಳಸುವ ಸಾಧನ. ತಾಳ ಹಾಕುವ ಯಂತ್ರ ಹೃದಯಕ್ಕೆ ತಾಳ ಹಾಕಿತು ಎಂಬ ಆಶಯವನ್ನು ಯಾವ ಕಥೆಗಾರ ತಾನೆ ಬಿಟ್ಟಾನು?

ಈ ಕಥೆಗೆ ಪಾಠಾಂತರಗಳಿವೆ. ವಿದ್ಯುತ್ ಹೋದ ರಾತ್ರಿ ಮಗುವೊಂದು ಸತ್ತಿತು ಎಂದು ಒಂದು ಪಾಠ; ಯಾರೂ ಸಾಯಲಿಲ್ಲ ಎಂದು ಇನ್ನೊಂದು. ಸಾವು ಬಂದಿರುವ ಪಾಠವೇ ಹೆಚ್ಚು ಪ್ರಚಾರದಲ್ಲಿರುವುದು ಮೌಖಿಕ ಪರಂಪರೆಯ ಪರಿಚಯವಿದ್ದವರಿಗೆ ಆಶ್ಚರ್ಯದ ಸಂಗತಿಯಲ್ಲ. ಹೊಸದು ಹುಟ್ಟಬೇಕಾದರೆ ಬಲಿ ಬೇಕೆಂಬುದು ಕೆರೆಗೆ ಹಾರದ ಊರುಗಳ ಕಥೆಗಳಲ್ಲಿಯೂ ಇದೆ.

ಎರಡನೆಯ ಕಥೆ ಸ್ವೀಡನ್ನಿನದು. ಆರ್ನೆ ಲಾರ್ಸನ್ ಎಂಬ 43 ವರ್ಷದ ವ್ಯಕ್ತಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಹೃದಯ ನಿಂತು ಪ್ರಜ್ಞೆ ತಪ್ಪುತ್ತಿತ್ತು. ಆತನ ಹೆಂಡತಿ ಎಲ್ಸೆ-ಮರೀ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನುಬಿಡದೆ, ದೇಹದೊಳಗೆ ಇಡಬಹುದಾದ ಯಂತ್ರವನ್ನು ಮಾಡಿಸಿದಳು. ಎಪಾಕ್ಸಿ ರಾಳವನ್ನು ಬೂಟ್‌ಪಾಲಿಶ್ ಡಬ್ಬಿಯಲ್ಲಿ ಎರಕ ಹೊಯ್ದು ರೂಪಿಸಿದ ಆ ಯಂತ್ರವನ್ನು 1958ರ ಅಕ್ಟೋಬರ್ 8ರಂದು ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಅಳವಡಿಸಿದರು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ನಿಂತಿತು, ಎರಡನೆಯದನ್ನು ಹಾಕಿದರು. ಲಾರ್ಸನ್ 2001ರ ಡಿಸೆಂಬರ್ 28ರವರೆಗೆ, ತಮ್ಮ 86ನೆಯ ವಯಸ್ಸಿನವರೆಗೆ ಬದುಕಿದರು. ವೈದ್ಯನೂ ಇಂಜಿನಿಯರನೂ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಯಮನಿಂದ ಗಂಡನನ್ನು ಬಿಡಿಸಿಕೊಂಡು ಬಂದ ಹೆಣ್ಣಿನ ಕಥೆ ಗೊತ್ತಿರುವ ನಾಡಿನಲ್ಲಿ ಇದರ ಆಶಯವನ್ನು ವಿವರಿಸಬೇಕಿಲ್ಲ.

ಈ ಕಥೆಯ ಪಾಠಾಂತರವೇ ಪ್ರಸ್ತುತ ಲೇಖನಕ್ಕೆ ಮುಖ್ಯವಾದದ್ದು. ಜನಪ್ರಿಯ ನಿರೂಪಣೆಗಳೆಲ್ಲ ಲಾರ್ಸನ್ ಅವರಿಗೆ ಜೀವಮಾನದಲ್ಲಿ 26 ಪೇಸ್‌ಮೇಕರುಗಳನ್ನು ಹಾಕಲಾಯಿತು ಎನ್ನುತ್ತವೆ. ಅವರ ಮರಣಾನಂತರ ಸ್ವೀಡನ್ನಿನ ತಜ್ಞರು ಪ್ರಕಟಿಸಿದ ತಾಂತ್ರಿಕ ವರದಿಯ ಲೆಕ್ಕ ಬೇರೆ: 22 ಪೆಟ್ಟಿಗೆಗಳು ಮತ್ತು 5 ಲೀಡ್ ವ್ಯವಸ್ಥೆಗಳು. ಐದು ಬಾರಿ ತಂತಿಗಳನ್ನು ಹೊಸದಾಗಿ ಹೂಡಬೇಕಾಯಿತೆಂಬ ಸಂಗತಿಯನ್ನು ಕಥೆ ಬಿಟ್ಟುಬಿಟ್ಟಿದೆ.

ಮೂರನೆಯದು ಬಫಲೋ ನಗರದ ವಿಲ್ಸನ್ ಗ್ರೇಟ್‌ಬ್ಯಾಚ್ ಅವರದು. ಬೇರೊಂದು ಯಂತ್ರವನ್ನು ಜೋಡಿಸುವಾಗ ಪೆಟ್ಟಿಗೆಯಿಂದ ತಪ್ಪು ರೋಧಕವನ್ನು ಎತ್ತಿಕೊಂಡರು, ಮಂಡಲ ಹೃದಯದಂತೆ ಮಿಡಿಯಿತು ಎಂಬುದು ಅದರ ತಿರುಳು. ಮೂರು ಕಥೆಗಳಲ್ಲಿಯೂ ನಾಯಕ ಒಬ್ಬ, ವಸ್ತು ಒಂದು, ಗಳಿಗೆ ಒಂದು. ಡೆನ್ಮಾರ್ಕಿನ ವಿದ್ವಾಂಸ ಆಕ್ಸೆಲ್ ಓಲ್ರಿಕ್ 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಜನಪದ ಕಥನದ ನಿಯಮಗಳನ್ನು ಗುರುತಿಸುವಾಗ, ಕಥೆ ಒಬ್ಬ ಮುಖ್ಯ ಪಾತ್ರದ ಸುತ್ತ ಕೇಂದ್ರೀಕರಿಸುತ್ತದೆ ಎಂದಿದ್ದರು. ತಂತಿಯ ಚರಿತ್ರೆಯಲ್ಲಿ ಅಂಥ ಒಬ್ಬನಿಲ್ಲ, ಒಂದು ಗಳಿಗೆಯೂ ಇಲ್ಲ.

ಸೂಜಿಯಿಂದ ಸುರುಳಿಗೆ

ತಂತಿಯ ಪೂರ್ವಜ ಸೂಜಿ. 1920ರ ದಶಕದ ಕೊನೆಯಲ್ಲಿ ಸಿಡ್ನಿಯ ವೈದ್ಯ ಮಾರ್ಕ್ ಲಿಡ್ವಿಲ್, ಉಸಿರಿಲ್ಲದೆ ಹುಟ್ಟಿದ ಶಿಶುವಿನ ಹೃದಯಕ್ಕೆ ಸೂಜಿ ಚುಚ್ಚಿ, ಅದರ ಮೂಲಕ ವಿದ್ಯುತ್ ಮಿಡಿತಗಳನ್ನು ಹಾಯಿಸಿದರು. ಶಿಶು ಬದುಕಿತು. ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ 1932ರಲ್ಲಿ ಕೈಯಿಂದ ತಿರುಗಿಸುವ ಯಂತ್ರಕ್ಕೆ ‘ಕೃತಕ ಪೇಸ್‌ಮೇಕರ್’ ಎಂಬ ಹೆಸರನ್ನು ರೂಢಿಗೆ ತಂದಾಗಲೂ ಹೃದಯವನ್ನು ಮುಟ್ಟುತ್ತಿದ್ದದ್ದು ಸೂಜಿಯೇ. 1952ರಲ್ಲಿ ಬಾಸ್ಟನ್ನಿನ ಪಾಲ್ ಝೋಲ್ ಹೃದಯವನ್ನು ಮುಟ್ಟದೆ ಎದೆಯ ಚರ್ಮದ ಮೇಲಿಂದಲೇ ವಿದ್ಯುತ್ ಕೊಟ್ಟರು. ಜೀವ ಉಳಿಯಿತು, ಆದರೆ ಪ್ರತಿ ಮಿಡಿತಕ್ಕೂ ಎದೆಯ ಸ್ನಾಯು ಸೆಳೆದು ರೋಗಿಗೆ ಅಸಹನೀಯ ನೋವಾಗುತ್ತಿತ್ತು.

ಲಿಲ್ಲೆಹೈ ಅವರ ತಂತಿ ಈ ನೋವನ್ನು ತಪ್ಪಿಸಿತು. ಮಗುವಿನ ಹೃದಯ ಚೇತರಿಸಿಕೊಂಡ ಮೇಲೆ ಅದನ್ನು ಹೊರಗಿನಿಂದಲೇ ಎಳೆದು ತೆಗೆಯಬಹುದಿತ್ತು. ಕೆಲವು ದಿನಗಳ ಮಟ್ಟಿಗೆ ಅದು ಸಾಕು. ವರ್ಷಗಟ್ಟಲೆ ಇರಬೇಕೆಂದಾಗ ಎರಡು ತೊಡಕುಗಳು ಎದುರಾದವು. ತುದಿಯ ಸುತ್ತ ಊತ ಬಂದು, ಆಮೇಲೆ ಗಾಯದ ಗಂಟು ಕಟ್ಟಿ, ಹೃದಯವನ್ನು ಮಿಡಿಸಲು ಹೆಚ್ಚು ಹೆಚ್ಚು ವಿದ್ಯುತ್ ಬೇಕಾಗುತ್ತಿತ್ತು. ಎರಡನೆಯದು, ತಂತಿ ಮುರಿಯುತ್ತಿತ್ತು. ನಿಮಿಷಕ್ಕೆ 70ರಂತೆ ಹೃದಯ ದಿನಕ್ಕೆ ಲಕ್ಷ ಬಾರಿ, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ತಂತಿ ಬಾಗಬೇಕು. ಕಬ್ಬಿಣದ ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಾಗಿಸಿ ಮುರಿಯುವುದು ಮಕ್ಕಳಿಗೂ ಗೊತ್ತಿರುವ ವಿದ್ಯೆ.

ಅಭಿಧಮನಿಯ ಹಾದಿಯನ್ನು ತೋರಿಸಿದವರು ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆಯ ಸೇಮೂರ್ ಫರ್ಮನ್. 1958ರಲ್ಲಿ, ಅಂದರೆ ಲಾರ್ಸನ್ ಅವರ ಶಸ್ತ್ರಚಿಕಿತ್ಸೆಯ ವರ್ಷದಲ್ಲಿಯೇ, ಅವರು ಎದೆಯನ್ನು ತೆರೆಯದೆ ರಕ್ತನಾಳದೊಳಗಿಂದ ತಂತಿಯನ್ನು ಬಲ ಹೃತ್ಕುಕ್ಷಿಗೆ ತಲುಪಿಸಿದರು. ಒಬ್ಬ ವೃದ್ಧ ರೋಗಿಯ ಹೃದಯವನ್ನು ಈ ರೀತಿ 96 ದಿನ ನಡೆಸಲಾಯಿತು. ಹಾದಿಗೆ ಇನ್ನೂ ಹಿಂದಿನ ಚರಿತ್ರೆಯಿದೆ: 1929ರಲ್ಲಿ ಜರ್ಮನಿಯ ಯುವವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ನಾಳದಿಂದಲೇ ಕೊಳವೆಯೊಂದನ್ನು ಹೃದಯದವರೆಗೆ ತೂರಿಸಿಕೊಂಡು ಎಕ್ಸ್‌ರೇ ತೆಗೆಸಿಕೊಂಡಿದ್ದ. ಆ ಸಾಹಸಕ್ಕೆ ನೊಬೆಲ್ ಬಹುಮಾನ ಬಂದದ್ದು 1956ರಲ್ಲಿ. ಫೋರ್ಸ್‌ಮನ್‌ನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಫರ್ಮನ್‌ರದು ವೃತ್ತಿಯವರ ನಡುವೆಯೇ ಉಳಿದಿದೆ.

ಅಲ್ಲಿಂದ ಮುಂದಿನದು ಹೆಸರಿಲ್ಲದ ಕೈಗಳ ಕೆಲಸ. ನೇರ ತಂತಿಯ ಬದಲು ಸ್ಪ್ರಿಂಗಿನಂಥ ಸುರುಳಿ ಬಂತು. ಹೊದಿಕೆಗೆ ಸಿಲಿಕೋನ್, ಆಮೇಲೆ ಪಾಲಿಯುರೆಥೇನ್ ಬಂದವು. ತುದಿ ಜಾರದಂತೆ ಹಿಡಿದುಕೊಳ್ಳಲು ಪುಟ್ಟ ಮುಳ್ಳುಗಳೂ ತಿರುಪೂ ಬಂದವು. 1983ರಲ್ಲಿ ಕೆನ್ನೆತ್ ಸ್ಟೋಕ್ಸ್ ಮತ್ತು ಸಂಗಡಿಗರು ತುದಿಯಲ್ಲಿ ಸ್ವಲ್ಪ ಸ್ಟೆರಾಯ್ಡ್ ಔಷಧಿಯನ್ನು ತುಂಬಿ, ಅದು ನಿಧಾನವಾಗಿ ಒಸರುತ್ತ ಊತವನ್ನು ತಡೆಯುವಂತೆ ಮಾಡಿದ್ದನ್ನು ಪ್ರಕಟಿಸಿದರು. ಇದು ಮೆಟ್ರೊನೋಮಿಗಿಂತ ಕಡಮೆ ಜಾಣ್ಮೆಯದೇನೂ ಅಲ್ಲ. ಆದರೂ ಅಭಿನಂದನ ಭಾಷಣಗಳಲ್ಲಿ ಇದು ಬರುವುದಿಲ್ಲ. ತಂತಿ ಸುದ್ದಿಯಾಗುವುದು ಅದು ಕೆಟ್ಟಾಗ ಮಾತ್ರ. 2007ರ ಅಕ್ಟೋಬರಿನಲ್ಲಿ ‘ಸ್ಪ್ರಿಂಟ್ ಫಿಡೆಲಿಸ್’ ಎಂಬ ಡಿಫಿಬ್ರಿಲೇಟರ್ ಲೀಡ್ ಮುರಿಯುತ್ತಿದೆಯೆಂದು ಅದರ ಮಾರಾಟವನ್ನು ನಿಲ್ಲಿಸಿದಾಗ ಜಗತ್ತಿನಾದ್ಯಂತ ಸುಮಾರು 2,68,000 ಮಂದಿಯ ದೇಹದಲ್ಲಿ ಅದು ಈಗಾಗಲೇ ಇತ್ತು. ಪೆಟ್ಟಿಗೆಯಾದರೆ ಚರ್ಮವನ್ನು ಸೀಳಿ ಬದಲಾಯಿಸಬಹುದು. ವರ್ಷಗಳ ಕಾಲ ನಾಳದ ಗೋಡೆಗೆ ಅಂಟಿ ಬೆಳೆದ ತಂತಿಯನ್ನು ಕೀಳುವುದು ಪ್ರಾಣಾಪಾಯದ ಕೆಲಸ.

ತುದಿ ನಿಂತ ಜಾಗ

ಇಷ್ಟೆಲ್ಲ ಸುಧಾರಣೆಗಳ ನಡುವೆ ಒಂದು ಪ್ರಶ್ನೆಯನ್ನು ಸುಮಾರು ನಾಲ್ವತ್ತು ವರ್ಷ ಹೆಚ್ಚು ಮಂದಿ ಕೇಳಲಿಲ್ಲ. ತುದಿಯನ್ನು ಹೃದಯದ ಯಾವ ಜಾಗದಲ್ಲಿ ನೆಡಬೇಕು? ಅಭಿಧಮನಿಯಿಂದ ಇಳಿದ ತಂತಿ ಸುಲಭವಾಗಿ ಹೋಗಿ ನಿಲ್ಲುವುದು ಬಲ ಹೃತ್ಕುಕ್ಷಿಯ ತಳದ ಮೂಲೆಯಲ್ಲಿ. ಅಲ್ಲಿ ಅದು ಜಾರುವುದೂ ಕಡಮೆ. ಹೀಗಾಗಿ ಅದೇ ವಾಡಿಕೆಯಾಯಿತು. ವೈದ್ಯನ ಅನುಕೂಲವೇ ಶಾಸ್ತ್ರವಾಯಿತು ಎಂದರೆ ಕಟುವಾದೀತು, ಆದರೆ ಸುಳ್ಳಾಗದು.

ವಾಸ್ತವವಾಗಿ ಇದು ಸರಿಯಾದ ಜಾಗವಲ್ಲವೆಂಬುದಕ್ಕೆ ಪುರಾವೆ ಪೇಸ್‌ಮೇಕರಿಗಿಂತ ಹಳೆಯದು. ಜರ್ಮನಿಯ ಮಾರ್‌ಬುರ್ಗಿನಲ್ಲಿ ಆಶೋಫ್ ಅವರ ಬಳಿ ಸಂಶೋಧನೆ ನಡೆಸುತ್ತಿದ್ದ ಜಪಾನಿನ ಸುನಾವೊ ತವಾರಾ 1906ರಲ್ಲಿ ಹೃದಯದ ವಹನ ವ್ಯವಸ್ಥೆಯ ಸಮಗ್ರ ವರ್ಣನೆಯನ್ನು ಪ್ರಕಟಿಸಿದರು. ಮೇಲಿನ ಕೋಣೆಗಳಿಂದ ಬಂದ ಸಂಕೇತವು ಒಂದು ಗಂಟಿನಲ್ಲಿ ಕ್ಷಣ ತಡೆದು, 1893ರಲ್ಲಿ ವಿಲ್ಹೆಲ್ಮ್ ಹಿಸ್ ಗುರುತಿಸಿದ್ದ ಕಾಂಡಕ್ಕೆ ಇಳಿದು, ಎಡಬಲ ಕವಲುಗಳಾಗಿ ಒಡೆದು, ಕೊನೆಗೆ ರೆಂಬೆಕೊಂಬೆಗಳಾಗಿ ಹರಡುತ್ತದೆ. ತವಾರಾ ಅದನ್ನು ಮರಕ್ಕೆ ಹೋಲಿಸಿದರು. ಈ ಮರದಿಂದಾಗಿಯೇ ಹೃದಯದ ಎರಡೂ ಕೆಳಕೋಣೆಗಳು ಏಕಕಾಲಕ್ಕೆ ಸಂಕುಚಿಸುತ್ತವೆ. 1925ರಲ್ಲಿ ಅಮೆರಿಕದ ಶರೀರವಿಜ್ಞಾನಿ ಕಾರ್ಲ್ ವಿಗ್ಗರ್ಸ್, ಸಹಜ ಹಾದಿಯನ್ನು ಬಿಟ್ಟು ಹೃತ್ಕುಕ್ಷಿಯ ಗೋಡೆಯನ್ನು ಹೊರಗಿನಿಂದ ಪ್ರಚೋದಿಸಿದರೆ ಸಂಕೋಚನ ಮಂದವೂ ದುರ್ಬಲವೂ ಆಗುತ್ತದೆಂದು ಪ್ರಾಣಿಗಳಲ್ಲಿ ತೋರಿಸಿದ್ದರು.

ಹೃದಯ ವೈಫಲ್ಯದ ಅನೇಕ ರೋಗಿಗಳಲ್ಲಿ ತವಾರಾನ ಮರದ ಎಡ ಕವಲು ತಾನಾಗಿಯೇ ಕೆಟ್ಟಿರುತ್ತದೆ. ಇಸಿಜಿಯಲ್ಲಿ ಕ್ಯುಆರ್‌ಎಸ್ ಎಂಬ ಗುರುತು ಅಗಲವಾಗುತ್ತದೆ. ಆರೋಗ್ಯವಂತರಲ್ಲಿ ಸುಮಾರು 100 ಮಿಲಿಸೆಕೆಂಡಿನ ಒಳಗೆ ಮುಗಿಯುವ ಕ್ರಿಯೆ ಇಲ್ಲಿ 120 ದಾಟುತ್ತದೆ, ಕೆಲವರಲ್ಲಿ 150 ಮೀರುತ್ತದೆ. ನಡುಗೋಡೆ ಮೊದಲು ಸಂಕುಚಿಸುತ್ತದೆ, ಎಡಪಕ್ಕದ ಗೋಡೆ ತಡವಾಗಿ ಸಂಕುಚಿಸುತ್ತದೆ. ಆ ಹೊತ್ತಿಗೆ ನಡುಗೋಡೆ ಸಡಿಲವಾಗಿರುತ್ತದೆ. ತೇರಿನ ಒಂದು ಮಿಣಿಯವರು ಎಳೆದು ಕೈಬಿಟ್ಟ ಮೇಲೆ ಇನ್ನೊಂದು ಮಿಣಿಯವರು ಎಳೆದರೆ ತೇರು ಓಲಾಡುತ್ತದೆಯೇ ಹೊರತು ಮುಂದೆ ಸಾಗದು. ಬಲ ಹೃತ್ಕುಕ್ಷಿಯ ಮೂಲೆಯಲ್ಲಿ ನೆಟ್ಟ ಪೇಸ್‌ಮೇಕರ್ ತಂತಿಯೂ ಇದೇ ಬಗೆಯ ಅಮೇಳವನ್ನು ಉಂಟುಮಾಡುತ್ತದೆ.

2002ರಲ್ಲಿ ಪ್ರಕಟವಾದ ‘ಡೇವಿಡ್’ ಎಂಬ ಅಧ್ಯಯನ ಇದನ್ನು ಮನುಷ್ಯರಲ್ಲಿ ತೋರಿಸಿತು. ಡಿಫಿಬ್ರಿಲೇಟರ್ ಹಾಕಿಸಿಕೊಂಡಿದ್ದ, ಬಡಿತಕ್ಕೆ ಯಂತ್ರದ ನೆರವು ಬೇಕಿರದ 506 ರೋಗಿಗಳಲ್ಲಿ ಒಂದು ಗುಂಪಿಗೆ ಯಂತ್ರ ನಿಮಿಷಕ್ಕೆ 70ರಂತೆ ತಾಳ ಹಾಕಿತು. ಇನ್ನೊಂದು ಗುಂಪಿನಲ್ಲಿ ಬಡಿತ 40ಕ್ಕಿಂತ ಇಳಿದರೆ ಮಾತ್ರ. ಸಾವು ಅಥವಾ ಹೃದಯ ವೈಫಲ್ಯದ ಆಸ್ಪತ್ರೆವಾಸವಿಲ್ಲದೆ ಒಂದು ವರ್ಷ ಕಳೆದವರು ಮೊದಲ ಗುಂಪಿನಲ್ಲಿ ಶೇ. 73.3, ಎರಡನೆಯದರಲ್ಲಿ ಶೇ. 83.9. ಕಥೆಗಳೆಲ್ಲ ಕೊಂಡಾಡಿದ ಪೆಟ್ಟಿಗೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ತುದಿ ಮಾತ್ರ ತಪ್ಪು ಜಾಗದಲ್ಲಿತ್ತು.

ಎರಡನೆಯ ತಂತಿ

ಎಡಪಕ್ಕದ ಗೋಡೆಗೂ ಒಂದು ತಂತಿಯನ್ನು ಕೊಟ್ಟು ಎರಡನ್ನೂ ಒಟ್ಟಿಗೆ ಮಿಡಿಸಿದರೆ ಹೇಗೆ? ಈ ಆಲೋಚನೆ ಒಬ್ಬರದಲ್ಲ. ಅಮೆರಿಕದಲ್ಲಿ ಮಾರ್ಟನ್ ಮೋವರ್ 1980ರ ದಶಕದ ಕೊನೆಯಲ್ಲಿ ಇದನ್ನು ಪೇಟೆಂಟಿನ ರೂಪಕ್ಕೆ ತಂದರು. ನೆದರ್‌ಲೆಂಡ್ಸಿನಲ್ಲಿ ಪೆಟ್ರೀಷಿಯಾ ಬಕ್ಕರ್ ಮತ್ತು ಸಂಗಡಿಗರು ಪ್ರಯೋಗ ನಡೆಸಿದರು. ಫ್ರಾನ್ಸಿನ ಸರ್ಜ್ ಕಾಜೋ, ಫಿಲಿಪ್ ರಿಟೆರ್ ಮೊದಲಾದವರು 1994ರಲ್ಲಿ ತೀವ್ರ ಹೃದಯ ವೈಫಲ್ಯದಿಂದ ಬಳಲುತ್ತಿದ್ದ 54 ವರ್ಷದ ಪುರುಷನ ಹೃದಯದ ನಾಲ್ಕೂ ಕೋಣೆಗಳನ್ನು ತಂತಿಗಳಿಂದ ಜೋಡಿಸಿದ ವರದಿಯನ್ನು ಪ್ರಕಟಿಸಿದರು. ಇಲ್ಲಿಯೂ ‘ಮೊದಲಿಗರು ಯಾರು’ ಎಂಬ ವಾದವಿದೆ; ಅದನ್ನು ಪೇಟೆಂಟ್ ವಕೀಲರಿಗೆ ಬಿಡುವುದು ಒಳಿತು.

ಆರಂಭದಲ್ಲಿ ಎಡಗೋಡೆಯ ತಂತಿಯನ್ನು ಎದೆಗೂಡನ್ನು ತೆರೆದು ಹೊಲಿಯಬೇಕಾಗುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ರೋಗಿಗೆ ಇದು ದೊಡ್ಡ ಆಘಾತ. ಎಡ ಹೃತ್ಕುಕ್ಷಿಯೊಳಗೆ ನೇರವಾಗಿ ತಂತಿ ಬಿಟ್ಟರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಭಯ. ಉಳಿದ ಹಾದಿ ಒಂದೇ. ಹೃದಯದ ಗೋಡೆಗೆ ಹರಿದ ರಕ್ತವನ್ನು ಮರಳಿ ತರುವ ಅಭಿಧಮನಿಗಳು ಹೊರಮೈಯಲ್ಲಿ ಹರಡಿಕೊಂಡು, ಕೊನೆಗೆ ಒಂದಾಗಿ ಬಲ ಹೃತ್ಕರ್ಣಕ್ಕೆ ಸೇರುತ್ತವೆ. ಆ ಬಾಯಿಯಿಂದ ತಂತಿಯನ್ನು ಹೊಳೆಯ ಮೇಲ್ಮುಖವಾಗಿ ನಡೆಸಿ, ಎಡಪಕ್ಕದ ಉಪನದಿಯೊಂದರಲ್ಲಿ ನಿಲ್ಲಿಸಬಹುದು. ರೆನ್ ನಗರದ ಝಾನ್-ಕ್ಲೋದ್ ದೋಬೆರ್ ಮತ್ತು ಸಂಗಡಿಗರು 1998ರಲ್ಲಿ 47 ರೋಗಿಗಳ ಈ ಬಗೆಯ ಅನುಭವವನ್ನು ಪ್ರಕಟಿಸಿದರು. ಸಿಆರ್‌ಟಿ ಸಾವಿರಾರು ಮಂದಿಗೆ ತಲುಪಿದ್ದು ಈ ಹಾದಿಯಿಂದ. ಇಷ್ಟು ದೊಡ್ಡ ತಿರುವಿಗೂ ಒಂದು ಕಥೆ ಹುಟ್ಟಿಲ್ಲವೆಂಬುದನ್ನು ಗಮನಿಸಬೇಕು.

ಫಲಿತಾಂಶಗಳು ಬೇಗನೆ ಬಂದವು. 2001ರಲ್ಲಿ ಪ್ರಕಟವಾದ ‘ಮಸ್ಟಿಕ್’ ಅಧ್ಯಯನದಲ್ಲಿ 67 ರೋಗಿಗಳಿದ್ದರು. ಪ್ರತಿಯೊಬ್ಬರಿಗೂ ಮೂರು ತಿಂಗಳು ಎರಡು ತಂತಿಗಳ ಮಿಡಿತವನ್ನು ಕೊಟ್ಟು, ಮೂರು ತಿಂಗಳು ನಿಲ್ಲಿಸಿ ಹೋಲಿಸುವ ಯೋಜನೆ ಅದು. ಯಾವುದು ಯಾವಾಗ ಎಂಬುದು ರೋಗಿಗೆ ತಿಳಿದಿರಲಿಲ್ಲ. ಆರು ನಿಮಿಷದಲ್ಲಿ ಅವರು ನಡೆದ ದೂರ ಮಿಡಿತವಿಲ್ಲದಾಗ ಸರಾಸರಿ 326 ಮೀಟರ್, ಇದ್ದಾಗ 399 ಮೀಟರ್. ಕೊನೆಗೆ ಯಾವ ಅವಧಿ ಹಿತವಾಗಿತ್ತೆಂದು ಕೇಳಿದಾಗ ಶೇ. 85 ಮಂದಿ ಮಿಡಿತವಿದ್ದ ಅವಧಿಯನ್ನು ಆರಿಸಿದರು. ಈ ಇಡೀ ಸಾಹಿತ್ಯದಲ್ಲಿ ರೋಗಿಯ ಸ್ವಂತ ಮಾತನ್ನು ಅಳತೆಯೆಂದು ಒಪ್ಪಿಕೊಂಡ ಸಂದರ್ಭಗಳು ಹೆಚ್ಚಿಲ್ಲವಾದ್ದರಿಂದ ಈ ಸಂಖ್ಯೆ ನನಗೆ ಉಳಿದೆಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡಿದೆ. 2005ರ ‘ಕೇರ್-ಎಚ್‌ಎಫ್’ ಅಧ್ಯಯನ ಸಾವಿನ ಲೆಕ್ಕವನ್ನೇ ಕೊಟ್ಟಿತು. ಔಷಧಿ ಮಾತ್ರ ಪಡೆದ 404 ಮಂದಿಯಲ್ಲಿ 120 ಸಾವು. ಔಷಧಿಯೊಂದಿಗೆ ಸಿಆರ್‌ಟಿ ಪಡೆದ 409 ಮಂದಿಯಲ್ಲಿ 82.

‘ಸ್ಪಂದಿಸದವರು’ ಎಂಬ ಶಬ್ದ

ಆದರೆ ಎಲ್ಲರಿಗೂ ಪ್ರಯೋಜನವಾಗಲಿಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ನಿರೀಕ್ಷಿತ ಸುಧಾರಣೆ ಕಾಣಲಿಲ್ಲ. ಇವರಿಗೆ ವೈದ್ಯಕೀಯ ಸಾಹಿತ್ಯ ‘ನಾನ್-ರೆಸ್ಪಾಂಡರ್’, ಎಂದರೆ ‘ಸ್ಪಂದಿಸದವರು’ ಎಂದು ಹೆಸರಿಟ್ಟಿತು. ಶಬ್ದಗಳನ್ನು ಕುರಿತು ಯೋಚಿಸುವುದು ನಮ್ಮ ವೃತ್ತಿಯಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಈ ಶಬ್ದದ ಕರ್ತೃ ರೋಗಿ. ಚಿಕಿತ್ಸೆ ತನ್ನ ಕೆಲಸ ಮಾಡಿತು, ಈತ ಸ್ಪಂದಿಸಲಿಲ್ಲ ಎಂಬುದು ಅದರ ವ್ಯಾಕರಣ. ಹರಕೆ ಫಲಿಸದಿದ್ದಾಗ ಹೊತ್ತವರ ಭಕ್ತಿಯಲ್ಲಿ ಕೊರತೆಯಿತ್ತೆಂದು ಹೇಳುವ ಪೂಜಾರಿಯ ವ್ಯಾಕರಣವೂ ಇದೇ.

ಯಾವುದನ್ನು ಸ್ಪಂದನ ಎನ್ನಬೇಕೆಂಬುದರಲ್ಲಿಯೂ ಒಮ್ಮತವಿರಲಿಲ್ಲ. ಒಂದು ಅಧ್ಯಯನಕ್ಕೆ ಅದು ನಡೆದ ದೂರ, ಇನ್ನೊಂದಕ್ಕೆ ಉಸಿರಾಟದ ಸಲೀಸು, ಮತ್ತೊಂದಕ್ಕೆ ಸಂಕುಚಿಸಿದ ಎಡ ಹೃತ್ಕುಕ್ಷಿಯ ಗಾತ್ರ ಶೇ. 15ರಷ್ಟಾದರೂ ಕುಗ್ಗುವುದು. ಒಂದು ಅಳತೆಯಲ್ಲಿ ಸ್ಪಂದಿಸಿದವನು ಇನ್ನೊಂದರಲ್ಲಿ ಸ್ಪಂದಿಸದವನಾಗಬಹುದು.

ಅನಂತರದ ಸಂಶೋಧನೆ ದೋಷದ ಒಂದು ಪಾಲನ್ನು ರೋಗಿಯ ಲೆಕ್ಕದಿಂದ ತೆಗೆದು ತಂತಿಯ ಲೆಕ್ಕಕ್ಕೆ ಬರೆಯಿತು. ‘ಮ್ಯಾಡಿಟ್-ಸಿಆರ್‌ಟಿ’ ಅಧ್ಯಯನದ 799 ರೋಗಿಗಳಲ್ಲಿ ಎಡ ಲೀಡ್ ಎಲ್ಲಿ ನಿಂತಿತ್ತೆಂಬುದನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ತುದಿಯು ಹೃದಯದ ತಳದ ಮೂಲೆಯತ್ತ ಜಾರಿದ್ದವರಲ್ಲಿ ಹೃದಯ ವೈಫಲ್ಯ ಅಥವಾ ಸಾವಿನ ಸಂಭವ ಉಳಿದವರಿಗಿಂತ ಸುಮಾರು 1.7 ಪಟ್ಟಿತ್ತು. 2012ರ ‘ಟಾರ್ಗೆಟ್’ ಅಧ್ಯಯನ ಇನ್ನೂ ಮುಂದೆ ಹೋಯಿತು. ಅಲ್ಟ್ರಾಸೌಂಡ್ ಚಿತ್ರದಿಂದ ಪ್ರತಿ ರೋಗಿಯ ಹೃದಯದಲ್ಲಿ ಎಲ್ಲಕ್ಕಿಂತ ತಡವಾಗಿ ಸಂಕುಚಿಸುವ, ಆದರೆ ಗಾಯದ ಕಲೆಯಾಗಿ ಸತ್ತಿರದ ಜಾಗವನ್ನು ಮೊದಲೇ ಗುರುತಿಸಿ, ಅಲ್ಲಿಗೆ ತುದಿಯನ್ನು ಒಯ್ಯಲು ಯತ್ನಿಸಿದರು. 220 ರೋಗಿಗಳ ಈ ಅಧ್ಯಯನದಲ್ಲಿ ವಾಡಿಕೆಯ ರೀತಿಯಲ್ಲಿ ಶೇ. 55 ಮಂದಿ ಸ್ಪಂದಿಸಿದರೆ, ಗುರಿಯಿಟ್ಟು ನೆಟ್ಟವರಲ್ಲಿ ಶೇ. 70. ಈ ಹದಿನೈದರ ಅಂತರದಲ್ಲಿ ಇರುವವರನ್ನು ‘ಸ್ಪಂದಿಸದವರು’ ಎನ್ನುವುದು ಯಾವ ನ್ಯಾಯ?

ಗುರಿ ಗೊತ್ತಿದ್ದರೂ ತಲುಪುವುದು ಸುಲಭವಲ್ಲ. ಅಭಿಧಮನಿಗಳ ಹರಹು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಬೇಕಾದ ಕಡೆ ಕವಲೇ ಇಲ್ಲದಿರಬಹುದು. 2002ರ ‘ಮಿರಾಕಲ್’ ಅಧ್ಯಯನದಲ್ಲಿ ಶೇ. 8ರಷ್ಟು ರೋಗಿಗಳಿಗೆ ಎಡ ಲೀಡನ್ನು ನೆಡಲು ಆಗಲೇ ಇಲ್ಲ. ನೆಟ್ಟದ್ದು ಜಾರಿ ಬರುವುದುಂಟು. ಹತ್ತಿರದಲ್ಲೇ ಹಾದುಹೋಗುವ ವಪೆಯ ನರಕ್ಕೆ ವಿದ್ಯುತ್ ತಗಲಿ ಪ್ರತಿ ಬಡಿತಕ್ಕೂ ಬಿಕ್ಕಳಿಕೆಯಂತೆ ಹೊಟ್ಟೆ ಕುಪ್ಪಳಿಸುವುದೂ ಉಂಟು. ಆಗ ವೈದ್ಯರು ಒಳ್ಳೆಯ ಜಾಗವನ್ನು ಬಿಟ್ಟು ಸಹಿಸಬಹುದಾದ ಜಾಗಕ್ಕೆ ಒಪ್ಪಿಕೊಳ್ಳಬೇಕಾಗುತ್ತಿತ್ತು. 2010ರ ಆಸುಪಾಸಿನಲ್ಲಿ ಬಂದ ನಾಲ್ಕು ಧ್ರುವಗಳ ಲೀಡ್ ಈ ಸಂಕಟವನ್ನು ಬಹಳಷ್ಟು ಕಡಮೆ ಮಾಡಿತು. ಒಂದೇ ತಂತಿಯ ಮೇಲೆ ನಾಲ್ಕು ಕಡೆ ವಿದ್ಯುದ್ವಾರಗಳಿರುವುದರಿಂದ, ತಂತಿಯನ್ನು ಅಲುಗಿಸದೆ, ಹೊರಗಿನ ಕಂಪ್ಯೂಟರಿನಿಂದಲೇ ಮಿಡಿತದ ಜಾಗವನ್ನು ಬದಲಾಯಿಸಬಹುದು.

ಎಲ್ಲ ವೈಫಲ್ಯವನ್ನೂ ತಂತಿಯ ತಲೆಗೆ ಕಟ್ಟುವುದೂ ತಪ್ಪೇ. ಗೋಡೆಯ ಬಹುಭಾಗ ಗಾಯದ ಕಲೆಯಾಗಿದ್ದರೆ ಯಾವ ಜಾಗದ ಮಿಡಿತವೂ ಫಲಿಸದು. ಅಮೇಳವೇ ಇಲ್ಲದವರಿಗೆ ಮೇಳ ಕೂಡಿಸಲು ಹೋದರೆ ಕೇಡಾಗುತ್ತದೆ. 2013ರಲ್ಲಿ ಪ್ರಕಟವಾದ ‘ಎಕೋ-ಸಿಆರ್‌ಟಿ’ ಅಧ್ಯಯನದಲ್ಲಿ ಕ್ಯುಆರ್‌ಎಸ್ 130 ಮಿಲಿಸೆಕೆಂಡಿಗಿಂತ ಕಡಮೆಯಿದ್ದ 809 ರೋಗಿಗಳಿಗೆ ಯಂತ್ರ ಅಳವಡಿಸಿ, ಅರ್ಧ ಮಂದಿಯಲ್ಲಿ ಮಾತ್ರ ಸಿಆರ್‌ಟಿಯನ್ನು ಚಾಲೂ ಮಾಡಲಾಯಿತು. ಚಾಲೂ ಇದ್ದವರಲ್ಲಿ 45 ಸಾವು, ಇಲ್ಲದವರಲ್ಲಿ 26. ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಈ ಗುಂಪಿನವರು ಸ್ಪಂದಿಸದವರೇನೂ ಅಲ್ಲ. ಅವರನ್ನು ಆರಿಸಿದ ಕ್ರಮ ಸರಿಯಿರಲಿಲ್ಲ.

ಮರದ ಬಳಿಗೆ

ಹೊರಮೈಯ ಉಪನದಿಗಳನ್ನು ಹುಡುಕುವ ಬದಲು ತವಾರಾನ ಮರವನ್ನೇ ಮುಟ್ಟಬಹುದಲ್ಲವೇ ಎಂಬ ಆಲೋಚನೆ 2000ದಲ್ಲಿ ಪ್ರಮೋದ್ ದೇಶ್‌ಮುಖ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹಿಸ್‌ನ ಕಾಂಡಕ್ಕೆ ಶಾಶ್ವತವಾಗಿ ತಂತಿ ನೆಟ್ಟಾಗ ಕೈಗೂಡಿತು. ಆದರೆ ಆ ಜಾಗ ತೀರ ಕಿರಿದು, ವಿದ್ಯುತ್ತೂ ಹೆಚ್ಚು ಬೇಕಾಗುತ್ತಿತ್ತು. ಚೀನಾದ ವೆನ್‌ಝೌ ನಗರದ ಹ್ವಾಂಗ್ ವೇಯ್‌ಜಿಯಾನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೆಳುವಾದ ಲೀಡನ್ನು ಬಲಗಡೆಯಿಂದ ನಡುಗೋಡೆಯೊಳಕ್ಕೆ ತಿರುಪಿನಂತೆ ಕೊರೆದು, ಎಡಗಡೆಯ ಅಂಚಿನಲ್ಲಿರುವ ಎಡ ಕವಲನ್ನು ಮುಟ್ಟಿಸಿದ್ದರು. ಕವಲು ಕೆಟ್ಟಿರುವ ಜಾಗದ ಆಚೆಗೆ ತುದಿ ನಿಂತಿದ್ದರಿಂದ ಮುಂದಿನ ರೆಂಬೆಗಳೆಲ್ಲ ತಮ್ಮ ಸಹಜ ಹಾದಿಯಲ್ಲೇ ಸಂಕೇತವನ್ನು ಒಯ್ದವು. 2022ರಲ್ಲಿ ಪ್ರಕಟವಾದ 40 ರೋಗಿಗಳ ಯಾದೃಚ್ಛಿಕ ಹೋಲಿಕೆಯಲ್ಲಿ ಹೃದಯದ ಪಂಪಿನ ಶಕ್ತಿ ವಾಡಿಕೆಯ ಸಿಆರ್‌ಟಿಗಿಂತ ಈ ಕ್ರಮದಲ್ಲಿ ಹೆಚ್ಚು ಸುಧಾರಿಸಿತು. 2023ರಲ್ಲಿ ಪುಗಳೇಂದಿ ವಿಜಯರಾಮನ್ ಮತ್ತು ಸಂಗಡಿಗರು 1,778 ರೋಗಿಗಳ ದಾಖಲೆಗಳನ್ನು ಹೋಲಿಸಿದಾಗ, ಸಾವು ಅಥವಾ ಹೃದಯ ವೈಫಲ್ಯದ ಆಸ್ಪತ್ರೆವಾಸವನ್ನು ಕಂಡವರು ಎಡ ಕವಲಿನ ಗುಂಪಿನಲ್ಲಿ ಶೇ. 20.8, ವಾಡಿಕೆಯ ಸಿಆರ್‌ಟಿಯಲ್ಲಿ ಶೇ. 28. ಎರಡನೆಯ ಅಧ್ಯಯನ ಯಾದೃಚ್ಛಿಕವಲ್ಲವೆಂಬುದನ್ನೂ, ಮೊದಲನೆಯದು ತೀರ ಸಣ್ಣದೆಂಬುದನ್ನೂ ಮರೆಯಬಾರದು. ಗೋಡೆಯೊಳಗೆ ಹುದುಗಿ ಬಾಗುತ್ತಿರುವ ಈ ತಂತಿ ಇಪ್ಪತ್ತು ವರ್ಷಗಳ ಮಿಡಿತವನ್ನು ತಾಳೀತೇ, ಕೀಳಬೇಕಾಗಿ ಬಂದರೆ ಏನು ಎಂಬ ಪ್ರಶ್ನೆಗಳಿಗೆ ಕಾಲವೇ ಉತ್ತರಿಸಬೇಕು. 2017ರಲ್ಲಿ ವರದಿಯಾದ ವಿದ್ಯೆಗೆ ಅಷ್ಟು ವಯಸ್ಸೇ ಆಗಿಲ್ಲ.

ಚರಿತ್ರೆಕಾರ ಕರ್ಕ್ ಜೆಫ್ರಿ ಪೇಸ್‌ಮೇಕರಿನ ಅಮೆರಿಕನ್ ಚರಿತ್ರೆಯನ್ನು 2001ರಲ್ಲಿ ಗ್ರಂಥವಾಗಿಸಿದರು. ಉದ್ಯಮವನ್ನೂ ವೈದ್ಯರನ್ನೂ ಕುರಿತ ಉತ್ತಮ ಆಕರ ಅದು. ತಂತಿಯನ್ನು ಕುರಿತು ಮಾತನಾಡಬೇಕಾದವರು ಇನ್ನೂ ಇಬ್ಬರಿದ್ದಾರೆ. ಕ್ಯಾತ್‌ಲ್ಯಾಬಿನಲ್ಲಿ ಎಕ್ಸ್‌ರೇ ಪರದೆಯ ಮುಂದೆ ಸೀಸದ ಅಂಗಿ ತೊಟ್ಟು ಗಂಟೆಗಟ್ಟಲೆ ನಿಂತು, ತುದಿ ಜಾರುವುದನ್ನೂ ನಿಲ್ಲುವುದನ್ನೂ ಕಣ್ಣಾರೆ ಕಂಡ ತಂತ್ರಜ್ಞರು ಒಬ್ಬರು. ಬಿಕ್ಕಳಿಕೆಯಂಥ ಸೆಳೆತವನ್ನು ರಾತ್ರಿಯೆಲ್ಲ ಅನುಭವಿಸಿ ಬೆಳಿಗ್ಗೆ ವೈದ್ಯರಿಗೆ ವರದಿ ಮಾಡಿದ ರೋಗಿಗಳು ಇನ್ನೊಬ್ಬರು. ಇಬ್ಬರಿಗೂ ತಂತಿ ಗೊತ್ತು. ನಮ್ಮ ಆಸ್ಪತ್ರೆಗಳಲ್ಲಿಯೂ ಇಂಥವರಿದ್ದಾರೆ. ಅವರ ಹೇಳಿಕೆಗಳ ಸಂಗ್ರಹಕ್ಕೆ ಬೇಕಾದದ್ದು ಧ್ವನಿಮುದ್ರಕ, ಅನುಮತಿ ಪತ್ರ ಮತ್ತು ‘ಬ್ಯಾಟರಿ ಹಾಕಿದ್ದು ಯಾವಾಗ’ ಎಂದು ಕೇಳಿದ ಮೇಲೆ ‘ತಂತಿ ಎಲ್ಲಿಯವರೆಗೆ ಹೋಗಿದೆ’ ಎಂದೂ ಕೇಳುವ ವ್ಯವಧಾನ.